ಹಸಿರೋ, ಬಿಳಿಯೋ, ನೀಲಿಯೋ?

2025ರ ಮೇ 7ರಂದು ಆಪರೇಷನ್ ಸಿಂಧೂರದ ವಿವರವನ್ನು ದೇಶಕ್ಕೆ ಹೇಳಲು ಟಿ.ವಿ. ಪರದೆಯ ಮೇಲೆ ಇಬ್ಬರು ಹೆಣ್ಣುಮಕ್ಕಳು ಬಂದು ಕೂತದ್ದನ್ನು ನಾವೆಲ್ಲ ನೋಡಿದೆವು. ಭೂಸೇನೆಯ ಕರ್ನಲ್ ಸೋಫಿಯಾ ಖುರೇಷಿ, ವಾಯುಪಡೆಯ ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ಆಮೇಲೆ ಒಂದು ತಿಂಗಳು ನಮ್ಮ ಊರಿನ ದೇವಸ್ಥಾನದ ಕಟ್ಟೆಯ ಮೇಲೆ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಅದೇ ಮಾತು. ಎಷ್ಟು ಚೆನ್ನಾಗಿ ಮಾತಾಡಿದರು, ಕೂದಲು ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದರು, ಯೂನಿಫಾರಂ ಎಷ್ಟು ಒಪ್ಪುತ್ತಿತ್ತು ಅಂತ. ಆ ಕರ್ನಲ್ ಸೇನೆಯ ಯಾವ ವಿಭಾಗದವರು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನಾನೇ ಬಾಯಿಬಿಟ್ಟು “ಸಿಗ್ನಲ್ಸ್” ಅಂದೆ. “ಹಾಗಂದರೆ ಟ್ರಾಫಿಕ್ಕಾ?” ಎಂದು ಕೇಳಿದವರು ಎಂ.ಎ. ಓದಿದವರು!

ನಗುವ ಮಾತಲ್ಲ. ಸೇನೆಗೆ ಸೇರುತ್ತೇನೆ ಎನ್ನುವ ಹುಡುಗಿಯರು ಈಗ ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಅವರಿಗೆ ಅಪ್ಪ ಅಮ್ಮ, ಸೋದರಮಾವ, ಪಕ್ಕದ ಮನೆಯ ನಿವೃತ್ತ ಸುಬೇದಾರರು ಕೊಡುವ ಸಲಹೆಯನ್ನು ಕಿವಿಯಾರೆ ಕೇಳುತ್ತಿದ್ದೇನೆ. ಹಸಿರು ಬಟ್ಟೆಯೋ, ಬಿಳಿ ಬಟ್ಟೆಯೋ, ನೀಲಿ ಬಟ್ಟೆಯೋ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಅದರ ಮೇಲೆ ‘ಸೇಫು’ ಎಂಬ ಒಂದು ಮಾತು. ಸೀರೆ ಆರಿಸುವಾಗಲಾದರೂ ನಾವು ನೂಲು ಮುಟ್ಟಿ ನೋಡುತ್ತೇವೆ, ಸೆರಗು ಬಿಚ್ಚಿಸಿ ನೋಡುತ್ತೇವೆ. ಮಗಳ ಹತ್ತಿಪ್ಪತ್ತು ವರ್ಷದ ದುಡಿಮೆಯನ್ನು ಬಣ್ಣ ನೋಡಿ ಆರಿಸುತ್ತೇವಲ್ಲ, ಅದಕ್ಕೆ ನನ್ನ ತಕರಾರು.

ಅದರಲ್ಲೂ ನಾನು ಹೇಳಹೊರಟಿರುವುದು ಗುಪ್ತಚರ ವಿಭಾಗದ ಅಧಿಕಾರಿಯಾಗಬೇಕು, ಗೂಢಲಿಪಿ ಬಿಡಿಸುವ ಕೆಲಸ ಮಾಡಬೇಕು ಎನ್ನುವ ಹುಡುಗಿಯರ ವಿಷಯ. ಅಂಥವರು ಕಡಿಮೆ, ಆದರೆ ಇದ್ದಾರೆ. ನನ್ನ ಬಳಿ ಹತ್ತನೇ ತರಗತಿಯವರೆಗೆ ಗಣಿತ ಕಲಿತ, ಈಗ ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ ಒಬ್ಬಳನ್ನು ಕರೆದುಕೊಂಡು ಅವಳ ತಾಯಿ ಮನೆಗೆ ಬಂದಿದ್ದರು.

“ಮೇಡಂ, ಇವಳಿಗೆ ಮಿಲಿಟರೀಲಿ ಅದೇನೋ ಇಂಟೆಲಿಜೆನ್ಸಂತೆ, ಕೋಡು ಬಿಡಿಸೋದಂತೆ, ಅದೇ ಆಗಬೇಕಂತೆ. ನಮ್ಮಣ್ಣ ಏರ್‌ಫೋರ್ಸೇ ವಾಸಿ ಅಂತಾನೆ, ಗುಡ್ಡಗಾಡು ಸುತ್ತೋ ಹಾಗಿಲ್ಲವಂತೆ. ನಾನು ಆರ್ಮೀಲಿ ಎಜುಕೇಷನ್ ಅಂತ ಒಂದಿದೆಯಂತಲ್ಲ, ಅದಕ್ಕೆ ಹಾಕು ಅಂತೀನಿ. ಹೇಗೂ ಟೀಚರ್ ಕೆಲಸಾನೇ ಅಲ್ವಾ, ಸೇಫು.”

ಮೂವತ್ತು ವರ್ಷ ಟೀಚರ್ ಕೆಲಸವನ್ನೇ ಮಾಡಿಕೊಂಡು ಬಂದವಳ ಎದುರಿಗೆ ‘ಟೀಚರ್ ಕೆಲಸಾನೇ’ ಅಂದದ್ದನ್ನು ಕಾಫಿಯ ಜೊತೆ ನುಂಗಿಕೊಂಡೆ. ಹುಡುಗಿ ತಲೆ ತಗ್ಗಿಸಿ, “ಮಿಸ್, ಯಾವುದಕ್ಕೆ ಹೋದರೆ ಆ ಕೆಲಸ ನಿಜವಾಗಿ ಸಿಗುತ್ತೆ?” ಎಂದು ಕೇಳಿದಳು. ಆ ಕೋಣೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಅಷ್ಟರಲ್ಲಿ ಜೊತೆಗೆ ಬಂದಿದ್ದ ಅವಳ ದೊಡ್ಡಪ್ಪ ಒಂದು ನಗೆ ನಕ್ಕು, “ಹೆಂಗಸರಿಗೆ ಗುಟ್ಟಿನ ಕೆಲಸ ಕೊಟ್ಟರೆ ಆದಹಾಗೇ” ಅಂದರು. ಈ ಮಾತಿನ ಬೇರು ಎಲ್ಲಿದೆ ಅಂತ ನನಗೆ ಗೊತ್ತು. ಕುರುಕ್ಷೇತ್ರ ಮುಗಿದ ಮೇಲೆ ಸತ್ತವರಿಗೆ ತರ್ಪಣ ಬಿಡುವಾಗ ಕುಂತಿ, ಕರ್ಣನಿಗೂ ನೀರು ಬಿಡಿ, ಅವನು ನಿಮ್ಮ ಅಣ್ಣ ಎನ್ನುತ್ತಾಳೆ. ಧರ್ಮರಾಯನಿಗೆ ದುಃಖವೂ ಸಿಟ್ಟೂ ಒಟ್ಟಿಗೆ ಬಂದು, ಇನ್ನು ಮೇಲೆ ಹೆಂಗಸರ ಮನಸ್ಸಿನಲ್ಲಿ ಗುಟ್ಟು ನಿಲ್ಲದೇ ಹೋಗಲಿ ಎಂದು ಶಾಪ ಕೊಡುತ್ತಾನೆ. ನೋಡಿ ನ್ಯಾಯ! ಮದುವೆಗೆ ಮೊದಲು ಹೆತ್ತ ಮಗನ ವಿಷಯವನ್ನು ಗಂಡನ ಮನೆಯಲ್ಲಿ, ಕಾಡಿನಲ್ಲಿ, ಅರಮನೆಯಲ್ಲಿ, ತನ್ನ ಮಕ್ಕಳು ಅವನ ಎದುರು ಬಿಲ್ಲು ಹಿಡಿದು ನಿಂತಾಗಲೂ ಎದೆಯೊಳಗೇ ಇಟ್ಟುಕೊಂಡವಳು ಅವಳು. ಅಷ್ಟು ಗಟ್ಟಿಯಾಗಿ ಗುಟ್ಟು ಕಾಪಾಡಿದ್ದಕ್ಕೇ ಸಿಟ್ಟು ಬಂದದ್ದು, ಶಾಪ ಸಿಕ್ಕಿದ್ದು ಮಾತ್ರ ಗುಟ್ಟು ಕಾಪಾಡಲಾರದವರು ಅಂತ! ನಮ್ಮ ಅಜ್ಜಿಯಂದಿರು ಸಾಸಿವೆ ಡಬ್ಬಿಯ ದುಡ್ಡಿನ ಲೆಕ್ಕವನ್ನು ಸಾಯುವವರೆಗೆ ಯಾರಿಗೂ ಹೇಳಲಿಲ್ಲ. ಹುಡುಗಿಯರಾಗಿದ್ದಾಗ ನಾವು ಒಂದೊಂದು ಅಕ್ಷರಕ್ಕೂ ‘ಕ’ ಸೇರಿಸಿ ‘ಕ ಭಾಷೆ’ಯಲ್ಲಿ ಮಾತಾಡಿದರೆ ಅಣ್ಣಂದಿರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ವಾತ್ಸ್ಯಾಯನನೇ ಹೆಣ್ಣು ಕಲಿಯಬೇಕಾದ 64 ಕಲೆಗಳ ಪಟ್ಟಿಯಲ್ಲಿ ಮ್ಲೇಚ್ಛಿತವಿಕಲ್ಪ ಎಂದು ಗುಪ್ತಲಿಪಿಯ ಕಲೆಯನ್ನು ಸೇರಿಸಿದ್ದಾನೆ. ಆ ಪುಸ್ತಕದಲ್ಲಿ ಇಂಥ ಪಟ್ಟಿಯೂ ಉಂಟು ಎಂದು ಗಂಡಸರಿಗೆ ಗೊತ್ತಿರುವ ಹಾಗೆ ಕಾಣುವುದಿಲ್ಲ. ಇರಲಿ.

ಕೆಲಸ ಯಾವುದು ಅಂತ ಮೊದಲು ತಿಳಿಯೋಣ. ಸಿನಿಮಾದಲ್ಲಿ ತೋರಿಸುವ ಹಾಗೆ ವೇಷ ಮರೆಸಿ ಶತ್ರುವಿನ ಮನೆ ಸೇರಿಕೊಳ್ಳುವುದು ಈ ಅಧಿಕಾರಿಗಳ ದಿನನಿತ್ಯದ ಕೆಲಸವಲ್ಲ. ಆಕಾಶದಿಂದ ತೆಗೆದ ಚಿತ್ರಗಳನ್ನು ನೋಡುವುದು, ಗಾಳಿಯಲ್ಲಿ ಹಿಡಿದ ರೇಡಿಯೋ ಸಂದೇಶಗಳನ್ನು ಜೋಡಿಸುವುದು, ಹತ್ತು ಕಡೆಯಿಂದ ಬಂದ ಸುದ್ದಿಯಲ್ಲಿ ಯಾವುದು ಕಾಳು ಯಾವುದು ಜೊಳ್ಳು ಎಂದು ತೂರಿ ನೋಡುವುದು, ಕೊನೆಗೆ ಮೇಲಿನವರಿಗೆ ಅರ್ಥವಾಗುವ ಹಾಗೆ ಎರಡು ಪುಟ ಬರೆಯುವುದು. ಇದು ನಮ್ಮಂಥ ಉಪಾಧ್ಯಾಯಿನಿಯರಿಗೆ ಹೊಸದಲ್ಲ. ಒಂದೇ ಬೆಂಚಿನ ಇಬ್ಬರು ಸರಿಯುತ್ತರ ಬರೆದರೆ ಏನೂ ಹೇಳಲಾಗುವುದಿಲ್ಲ. ಇಬ್ಬರೂ ಒಂದೇ ತಪ್ಪನ್ನು ಒಂದೇ ಜಾಗದಲ್ಲಿ ಮಾಡಿದ್ದರೆ ನಕಲು ಹಿಡಿದೆವು ಅಂತಲೇ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಎನಿಗ್ಮಾ ಯಂತ್ರದ ಸಂಕೇತ ಬಿಡಿಸಿದವರಿಗೆ ಸಹಾಯವಾದದ್ದೂ ಇಂಥದ್ದೇ. ಆ ಯಂತ್ರದಲ್ಲಿ ಯಾವ ಅಕ್ಷರವೂ ಅದೇ ಅಕ್ಷರವಾಗಿ ಹೊರಗೆ ಬರುತ್ತಿರಲಿಲ್ಲ, ಹವಾಮಾನ ವರದಿ ಕಳಿಸುವವರು ದಿನವೂ ಅದವೇ ಪದಗಳನ್ನು ಬಳಸುತ್ತಿದ್ದರು. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಆ ಕೆಲಸಕ್ಕೆ ಕೂತವರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಹೆಂಗಸರು. ಯುದ್ಧ ಮುಗಿದ ಮೇಲೂ ದಶಕಗಳ ಕಾಲ ಅವರು ಮನೆಯಲ್ಲಿ ಗಂಡಂದಿರಿಗೂ ಬಾಯಿ ಬಿಡಲಿಲ್ಲ. ದೊಡ್ಡಪ್ಪನವರ ಗಮನಕ್ಕೆ.

ಅಮೆರಿಕದ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿಯ ನೌಕಾಪಡೆ ದೊಡ್ಡ ದೊಡ್ಡ ಮಹಿಳಾ ಕಾಲೇಜುಗಳಿಂದ ಹುಡುಗಿಯರನ್ನು ಆರಿಸುವಾಗ ಗುಟ್ಟಾಗಿ ಎರಡು ಪ್ರಶ್ನೆ ಕೇಳುತ್ತಿತ್ತಂತೆ: ಪದಬಂಧ ಬಿಡಿಸುವುದು ಇಷ್ಟವೇ, ಮದುವೆ ನಿಶ್ಚಯವಾಗಿದೆಯೇ? ಎರಡನೇ ಪ್ರಶ್ನೆ ನಮ್ಮ ಊರಿನವರೇ ಬರೆದುಕೊಟ್ಟ ಹಾಗಿದೆ. ಭೂಸೇನೆಯವರು ಮಾತ್ರ ಸಣ್ಣ ಊರುಗಳಿಗೆ ಹೋಗಿ ಶಾಲಾ ಉಪಾಧ್ಯಾಯಿನಿಯರನ್ನು ಹುಡುಕಿದರು. ಸಂಬಳ ಕಡಿಮೆ, ತಾಳ್ಮೆ ಜಾಸ್ತಿ, ಭಾಷೆಯೋ ಲೆಕ್ಕವೋ ಒಂದು ಕೈಗೆ ಬಂದಿರುತ್ತದೆ ಅಂತ. ಅವರ ನೌಕಾಪಡೆಯ ಹಿರಿಯ ಸಂಕೇತ ತಜ್ಞೆ ಆಗ್ನೆಸ್ ಮೇಯರ್ ಡ್ರಿಸ್ಕಾಲ್, 1918ರಲ್ಲಿ ಸೇರುವ ಮೊದಲು ಟೆಕ್ಸಸ್‌ನಲ್ಲಿ ಗಣಿತದ ಟೀಚರ್. ಜಪಾನಿನ ರಾಯಭಾರಿಗಳು ಬಳಸುತ್ತಿದ್ದ ‘ಪರ್ಪಲ್’ ಎಂಬ ಯಂತ್ರದ ಕೀಲಿಗೆ ದಾರಿ ಮಾಡಿಕೊಟ್ಟ ವಿನ್ಯಾಸವನ್ನು 1940ರ ಸೆಪ್ಟೆಂಬರ್‌ನಲ್ಲಿ ಮೊದಲು ಕಂಡವಳು 27 ವರ್ಷದ ಜೆನಿವೀವ್ ಗ್ರೋಟ್ಯಾನ್; ಗಣಿತದ ಟೀಚರ್ ಆಗಬೇಕೆಂದು ಹೊರಟು, ಕೆಲಸ ಸಿಗದೆ ಅಲ್ಲಿಗೆ ಬಂದವಳು. ಟೀಚರ್ ಕೆಲಸಾನೇ ಅಲ್ವಾ!

ನಮ್ಮ ದೇಶಕ್ಕೂ ಇದು ಹೊಸದಲ್ಲ. ಅದೇ ಯುದ್ಧದಲ್ಲಿ ಜಪಾನಿ ಸೇನೆಯ ರೇಡಿಯೋ ಸಂದೇಶಗಳನ್ನು ಕದ್ದು ಕೇಳಿ ಬಿಡಿಸಲು ದೆಹಲಿಯ ಆನಂದ ಪರ್ಬತದಲ್ಲಿ ವೈರ್‌ಲೆಸ್ ಎಕ್ಸ್‌ಪೆರಿಮೆಂಟಲ್ ಸೆಂಟರ್ ಎಂಬ ದೊಡ್ಡ ಕೇಂದ್ರವಿತ್ತು. ಅದರ ಒಂದು ಉಪಕೇಂದ್ರ ಕಲ್ಕತ್ತಾದ ಹತ್ತಿರದ ಬ್ಯಾರಕ್‌ಪುರದಲ್ಲಿ, ಇನ್ನೊಂದು ನಮ್ಮ ಬೆಂಗಳೂರಿನಲ್ಲಿ. 1942ರಲ್ಲಿ ಶುರುವಾದ ಇಂಡಿಯಾದ ಮಹಿಳಾ ಸಹಾಯಕ ದಳದಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಹೆಂಗಸರಿದ್ದ ಕಾಲವಿತ್ತು. ಸೈಫರ್ ಕೆಲಸವೂ ಅವರ ಪಾಲಿಗಿತ್ತು. ಯುದ್ಧ ಮುಗಿಯಿತು, ದಳ ವಿಸರ್ಜನೆಯಾಯಿತು, ಎಲ್ಲರೂ ಮನೆಗೆ. ವೈದ್ಯರು ದಾದಿಯರನ್ನು ಬಿಟ್ಟರೆ ಸ್ವತಂತ್ರ ಭಾರತದ ಭೂಸೇನೆ ಮತ್ತೆ ಹೆಣ್ಣಿಗೆ ಬಾಗಿಲು ತೆರೆದದ್ದು 1992ರಲ್ಲಿ.

ಹೇಗೆ ತೆರೆಯಿತು ಎಂಬುದನ್ನು ಹೇಳಲೇಬೇಕು. ಆ ವರ್ಷ ಜನವರಿಯ ಆದೇಶದಲ್ಲಿ ಇದ್ದವು ಅಂಚೆ, ಕಾನೂನು, ಶಿಕ್ಷಣ, ಉಗ್ರಾಣ, ಆಹಾರ ಮುಂತಾದವು. ಅಡುಗೆಮನೆ, ಪಾಠದ ಮನೆ, ದಾಸ್ತಾನು ಕೋಣೆಯ ಕೆಲಸಗಳೇ ಹೆಚ್ಚು. ಡಿಸೆಂಬರ್‌ನ ಆದೇಶದಲ್ಲಿ ಸಿಗ್ನಲ್ಸ್, ಇಂಟೆಲಿಜೆನ್ಸ್ ಕೋರ್, ಎಂಜಿನಿಯರ್ಸ್ ಸೇರಿದವು. ಸೇರಿದವು ಸರಿ, ಮೊದಲಿಗೆ ಐದೇ ವರ್ಷಕ್ಕೆ. ಹಿಗ್ಗಿಸಿ ಹಿಗ್ಗಿಸಿ ಕೊನೆಗೆ 14 ವರ್ಷ. ಅಧಿಕಾರಿಗೆ ಪಿಂಚಣಿ ಬರಬೇಕಾದರೆ ಬೇಕಾದದ್ದು 20 ವರ್ಷ. ಲೆಕ್ಕದ ಟೀಚರ್ ಬೇಕಾಗಿಲ್ಲ ಇದನ್ನು ಬಿಡಿಸಲು. 2008ರಲ್ಲಿ ಕಾನೂನು ಮತ್ತು ಶಿಕ್ಷಣ ವಿಭಾಗಗಳಿಗೆ ಮಾತ್ರ ಪರ್ಮನೆಂಟ್ ಕಮಿಷನ್, ಅಂದರೆ ಕಾಯಂ ಹುದ್ದೆಯ ಅವಕಾಶ ಕೊಟ್ಟರು. ಉಳಿದವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2010ರಲ್ಲಿ ದೆಹಲಿ ಹೈಕೋರ್ಟ್ ಅವರ ಕಡೆ ತೀರ್ಪು ಕೊಟ್ಟರೂ ಸರ್ಕಾರ ಮೇಲ್ಮನವಿ ಹಾಕಿ ಹತ್ತು ವರ್ಷ ಎಳೆಯಿತು.

ಆ ಹತ್ತು ವರ್ಷದ ವಾದದಲ್ಲಿ ಸರ್ಕಾರ ಹೇಳಿದ ಮಾತುಗಳನ್ನು ಪ್ರತಿ ಮನೆಯ ಹೆಂಗಸೂ ಓದಬೇಕು. ಹೆಂಗಸರಿಗೆ ಮಕ್ಕಳು ಮರಿ ಸಂಸಾರದ ಹೊಣೆ ಇರುತ್ತದಂತೆ. ಜವಾನರು ಹೆಚ್ಚಾಗಿ ಹಳ್ಳಿಯಿಂದ ಬಂದವರು, ಹೆಣ್ಣು ಅಧಿಕಾರಿಯ ಅಪ್ಪಣೆ ಪಾಲಿಸಲು ಅವರ ಮನಸ್ಸು ಒಗ್ಗಿರುವುದಿಲ್ಲವಂತೆ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಆ ಜವಾನರ ಕಿವಿ ಹಿಂಡಿ ಮಗ್ಗಿ ಕಲಿಸಿದವರು ಯಾರು ಅಂದುಕೊಂಡಿದ್ದರೋ! 2020ರ ಫೆಬ್ರವರಿ 17ರಂದು ಸುಪ್ರೀಂ ಕೋರ್ಟ್ ಈ ವಾದವನ್ನೆಲ್ಲ ತಳ್ಳಿಹಾಕಿತು. ಸಿಗ್ನಲ್ಸ್, ಇಂಟೆಲಿಜೆನ್ಸ್ ಸೇರಿ ಹತ್ತು ವಿಭಾಗಗಳಲ್ಲಿ ಹೆಂಗಸರನ್ನೂ ಕಾಯಂ ಹುದ್ದೆಗೆ ಪರಿಗಣಿಸಬೇಕು, ಕಮಾಂಡ್ ಕೊಡುವುದೇ ಇಲ್ಲ ಎನ್ನುವ ಹಾಗಿಲ್ಲ ಎಂದಿತು. ಮುಂದಿನ ತಿಂಗಳು ನೌಕಾಪಡೆಯ ಹೆಂಗಸರ ಮೊಕದ್ದಮೆಯಲ್ಲೂ ಹಾಗೇ ಆಯಿತು. ಅಷ್ಟಾದರೂ ಸೇನೆ ಆಯ್ಕೆಗೆ ಇಟ್ಟ ಅಳತೆಗೋಲು ಸರಿಯಿಲ್ಲವೆಂದು ಹೆಂಗಸರು ಇನ್ನೊಮ್ಮೆ ಹೋಗಬೇಕಾಯಿತು. 2021ರ ಮಾರ್ಚ್‌ನಲ್ಲಿ ಕೋರ್ಟ್ ಅದನ್ನೂ ಅನ್ಯಾಯ ಎಂದಿತು. 2023ರಲ್ಲಿ ನೂರಕ್ಕೂ ಹೆಚ್ಚು ಹೆಂಗಸರನ್ನು ಕರ್ನಲ್ ದರ್ಜೆಗೆ ಆರಿಸಿದರು.

ಇಷ್ಟನ್ನೂ ವಿವರಿಸಿದ್ದು ಯಾಕೆಂದರೆ, ಗುಪ್ತಚರ ಕೆಲಸ ಹಣ್ಣಾಗುವುದೇ ನಿಧಾನಕ್ಕೆ. ಗಡಿಯಾಚೆಯ ಒಂದು ಭಾಷೆ, ಅಲ್ಲಿಯ ಪಡೆಗಳ ಹೆಸರು, ಅವರು ರಜೆ ಹಾಕುವ ಕಾಲ, ಅವರ ರೇಡಿಯೋ ಮಾತಿನ ರೂಢಿ ತಲೆಯಲ್ಲಿ ನೆಲೆಗೊಳ್ಳಲು ಹತ್ತು ವರ್ಷ ಬೇಕು. ಹಾಗೆ ಪಳಗಿದವಳನ್ನು ಹದಿನಾಲ್ಕನೇ ವರ್ಷಕ್ಕೆ ಮನೆಗೆ ಕಳಿಸಿದ್ದರಿಂದ ನಷ್ಟ ಅವಳೊಬ್ಬಳಿಗೆ ಆದದ್ದಲ್ಲ. ಉಪ್ಪಿನಕಾಯಿ ಹಾಕಿ, ಕಳಿತು ರುಚಿಗೆ ಬರುವ ಹೊತ್ತಿಗೆ ಜಾಡಿ ಕವುಚಿದ ಹಾಗೆ.

ಆದ್ದರಿಂದ ಯಾವ ಪಡೆ ಎಂದು ಕೇಳುವ ತಾಯಂದಿರಿಗೆ ನನ್ನ ಉತ್ತರ ಮುಲಾಜಿಲ್ಲದ್ದು. ಗುಪ್ತಚರವೇ ಜೀವನದ ಕೆಲಸವಾಗಬೇಕು ಎನ್ನುವವಳು ಭೂಸೇನೆಗೇ ಹೋಗಲಿ. ಗುಡ್ಡಗಾಡು ಸುತ್ತಬೇಕಾದೀತು, ಸುತ್ತಲಿ. ಗುಪ್ತಚರಕ್ಕೆಂದೇ ಒಂದು ಪ್ರತ್ಯೇಕ ಕೋರ್, ಪುಣೆಯಲ್ಲಿ ಅದರದೇ ತರಬೇತಿ ಶಾಲೆ ಇರುವುದು ಅಲ್ಲಿ. ಸಂದೇಶ, ಸಂಕೇತ, ಅದರ ರಕ್ಷಣೆ, ಅದರ ಬೇಟೆಯ ಕಡೆ ಒಲವಿದ್ದರೆ ಸಿಗ್ನಲ್ಸ್. 1911ರಿಂದ ಇರುವ ಕೋರ್ ಅದು, ಅಧಿಕಾರಿಗಳನ್ನು ಮಧ್ಯಪ್ರದೇಶದ ಮ್ಹೋವಿನ ದೊಡ್ಡ ಕಾಲೇಜಿನಲ್ಲಿ ಓದಿಸುತ್ತಾರೆ. ಒಂದು ಮಾತು ಮಾತ್ರ ಹೇಳಿಬಿಡಬೇಕು. ಭೂಸೇನೆಯಲ್ಲಿ ವಿಭಾಗ ಸಿಗುವುದು ಸೇರಿದ ಮೇಲೆ. ಚೆನ್ನೈ ಅಕಾಡೆಮಿಯಲ್ಲಿ ಹತ್ತಿರ ಒಂದು ವರ್ಷ ಮೈ ಮುರಿದು, ಬೇಕಾದ ವಿಭಾಗಗಳನ್ನು ಒಂದು, ಎರಡು, ಮೂರು ಎಂದು ಬರೆದುಕೊಡಬೇಕು. ಮೆರಿಟ್ಟು, ಖಾಲಿ ಜಾಗ, ಓದು ನೋಡಿ ಹಂಚುತ್ತಾರೆ. ಇಂಟೆಲಿಜೆನ್ಸ್ ಕೋರ್‌ನ ಜಾಗಗಳು ಕಡಿಮೆ. ಎರಡನೆಯದಾಗಿ ಏನು ಬರೆಯುತ್ತೇನೆ ಎಂಬುದನ್ನು ಹುಡುಗಿ ಮನೆಯಲ್ಲೇ ಯೋಚಿಸಿ ಹೋಗಬೇಕು, ಅಲ್ಲಿ ಗೆಳತಿ ಬರೆದದ್ದನ್ನು ನೋಡಿ ಬರೆಯುವುದಲ್ಲ.

ವಾಯುಪಡೆಯನ್ನು ನಾನು ಹಗುರ ಮಾಡುತ್ತಿಲ್ಲ. 2022ರಲ್ಲಿ ಅಲ್ಲಿ ವೆಪನ್ ಸಿಸ್ಟಮ್ಸ್ ಎಂಬ ಹೊಸ ಶಾಖೆ ಘೋಷಣೆಯಾಯಿತು, ಅದರಲ್ಲಿ ಗುಪ್ತಚರದ ಒಂದು ಕವಲೂ ಇದೆ. ಅರ್ಜಿ ಹಾಕುವಾಗಲೇ ಯಾವ ಶಾಖೆ ಎಂದು ಸೂಚಿಸುವುದು ಅಲ್ಲಿಯ ಅನುಕೂಲ. ಆದರೆ ಹೊಸ ಶಾಖೆಯಲ್ಲಿ ಹದಿನೈದನೇ ವರ್ಷಕ್ಕೆ ಏನಾಗುತ್ತದೆ ಎಂದು ನೋಡಲು ಹದಿನೈದು ವರ್ಷ ದುಡಿದವರು ಇನ್ನೂ ಇಲ್ಲ. ಗುಡ್ಡಗಾಡು ಸುತ್ತುವ ಹಾಗಿಲ್ಲ ಎಂಬ ಒಂದೇ ಕಾರಣಕ್ಕೆ ಅತ್ತ ತಳ್ಳುವ ಸೋದರಮಾವಂದಿರು ಇದನ್ನು ಯೋಚಿಸಿದ್ದಾರೆಯೇ? ನೌಕಾಪಡೆಯಲ್ಲಿ ಗುಪ್ತಚರಕ್ಕೆಂದೇ ಹೊಸಬರನ್ನು ತೆಗೆದುಕೊಳ್ಳುವ ಶಾಖೆಯಿಲ್ಲ. ಕಂಪ್ಯೂಟರ್ ಓದಿದವಳಿಗೆ ಐ.ಟಿ. ಶಾಖೆ ಹೊಂದೀತು. ಬಿಳಿ ಬಟ್ಟೆ ಚೆಂದ, ಒಪ್ಪುತ್ತೇನೆ.

ಇನ್ನು ಆ ತಾಯಿ ಹೇಳಿದ ಎಜುಕೇಷನ್ ಕೋರ್. ಅದೂ ತಳ್ಳಿಹಾಕುವಂಥದ್ದಲ್ಲ. ಪಚ್‌ಮಢಿಯಲ್ಲಿರುವ ಅದರ ಕಾಲೇಜಿನಲ್ಲಿ ವಿದೇಶಿ ಭಾಷೆಗಳನ್ನು ಕಲಿಸುತ್ತಾರೆ. ಚೀನೀ ಭಾಷೆ ಬಲ್ಲ ಒಬ್ಬಳು ಗಡಿಯ ಒಂದು ಮಾತುಕತೆಯಲ್ಲಿ ಎಷ್ಟು ಬೆಲೆ ಬಾಳುತ್ತಾಳೆ ಯೋಚಿಸಿ. ಭಾಷೆಯ ಹುಚ್ಚಿರುವ ಹುಡುಗಿ ಧಾರಾಳವಾಗಿ ಹೋಗಲಿ. ನಮ್ಮ ಹುಡುಗಿಯ ಹುಚ್ಚು ಲೆಕ್ಕದ್ದು. ‘ಸೇಫು’ ಅಂತ ಅವಳನ್ನು ಅಲ್ಲಿಗೆ ಕಳಿಸಬೇಡಿ. ಇಪ್ಪತ್ತೈದು ದಾಟುವುದರೊಳಗೆ ಅರ್ಜಿ ಹಾಕಬೇಕು, ತರಬೇತಿ ಮುಗಿಯುವವರೆಗೆ ಮದುವೆಯಾಗಿರಬಾರದು ಎಂಬ ನಿಯಮ ಕೇಳಿ ಆ ತಾಯಿಯ ಮುಖ ಸ್ವಲ್ಪ ಬಾಡಿತು. ಅಷ್ಟರಲ್ಲಿ ಒಳ್ಳೆಯ ಸಂಬಂಧ ಬಂದರೆ? ಬಂದದ್ದು ಒಳ್ಳೆಯದೇ ಆಗಿದ್ದರೆ ಒಂದು ವರ್ಷ ಕಾಯುತ್ತದೆ ಅಂದೆ.

ಯಾರೂ ಹೇಳದ ಒಂದು ವಿಷಯ ಉಳಿದಿದೆ. ಕೋಡು ಬಿಡಿಸುವ, ಕೋಡು ಕಟ್ಟುವ ಗಣಿತವೇ ಬೇಕು, ಪರೇಡು ಬೇಡ, ಜವಾನರ ಮುಂದೆ ನಿಲ್ಲುವ ಆಸೆಯೂ ಇಲ್ಲ ಎನ್ನುವವಳು ಯಾವ ಬಣ್ಣದ ಬಟ್ಟೆಯನ್ನೂ ತೊಡಬೇಕಾಗಿಲ್ಲ. ಅಧಿಕಾರಿಯಾದವಳು ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಾಳೆ, ಆಡಳಿತ ನೋಡುತ್ತಾಳೆ, ಜನರನ್ನು ನಡೆಸುತ್ತಾಳೆ. ಒಂದೇ ಸಮಸ್ಯೆಯ ಮುಂದೆ ಐದು ವರ್ಷ ಕೂರಲು ಅವಳನ್ನು ಬಿಡುವುದಿಲ್ಲ. ಹಾಗೆ ಕೂರುವವರು ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿ.ಆರ್.ಡಿ.ಒ.ದ ವಿಜ್ಞಾನಿಗಳು. ದೆಹಲಿಯ ಸೈಂಟಿಫಿಕ್ ಅನಾಲಿಸಿಸ್ ಗ್ರೂಪ್ ಎಂಬ ಪ್ರಯೋಗಾಲಯದ ಕೆಲಸವೇ ಗೂಢಲಿಪಿ ಶಾಸ್ತ್ರ. ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿರುವ ‘ಕೇರ್’ ಎಂಬ ಪ್ರಯೋಗಾಲಯದಲ್ಲೂ ಸಂದೇಶ ರಕ್ಷಣೆಯ ಕೆಲಸ ನಡೆಯುತ್ತದೆ. ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಗೂಢಲಿಪಿ ಶಾಸ್ತ್ರಕ್ಕೆಂದೇ ಆರ್.ಸಿ. ಬೋಸ್ ಅವರ ಹೆಸರಿನ ಕೇಂದ್ರವಿದೆ. ಇಂಥ ಕಡೆಗೆ ದಾರಿ ಬಿ.ಎಸ್ಸಿ. ಆದಮೇಲೆ ಗಣಿತದ ಎಂ.ಎಸ್ಸಿ., ಗೇಟ್ ಪರೀಕ್ಷೆ, ಸಂದರ್ಶನ. ಓಟ, ಹಗ್ಗ ಹತ್ತುವುದು ಇಲ್ಲ. ಸಂಖ್ಯಾಶಾಸ್ತ್ರ, ಬೀಜಗಣಿತ ಮೂಳೆಗೆ ಇಳಿದಿರಬೇಕು. ನಮ್ಮಲ್ಲಿ ಕುಮುದೇಂದು ಎಂಬ ಜೈನ ಮುನಿ ಸಿರಿಭೂವಲಯ ಎಂಬ ಇಡೀ ಕಾವ್ಯವನ್ನೇ 1ರಿಂದ 64ರವರೆಗಿನ ಅಂಕಿಗಳಲ್ಲಿ, 27 ಸಾಲು 27 ಕಂಬದ ಮನೆಗಳಲ್ಲಿ ತುಂಬಿಟ್ಟಿದ್ದಾನೆ. ಕನ್ನಡದ ಹುಡುಗಿಗೆ ಅಂಕಿಯೊಳಗೆ ಅಕ್ಷರ ಹುಡುಕುವ ಆಟ ಪರದೇಶದ್ದೇನೂ ಅಲ್ಲ.

ಇದನ್ನು ಕೇಳಿದ ಹುಡುಗಿ ಹದಿನೈದು ದಿನ ಯೋಚಿಸುತ್ತೇನೆ ಅಂದಳು. ಯೋಚಿಸಲಿ, ಅವಳಿಗೆ ಜವಾನರ ಮುಂದೆ ನಿಲ್ಲುವ ಆಸೆಯೂ ಇದೆ ಎಂದು ನನಗೆ ಗುಮಾನಿ. ತಾಯಿಗೆ ಮಾತ್ರ ಬೇರೆಯದೇ ಚಿಂತೆ. ಯೂನಿಫಾರಂ ಇಲ್ಲ, ಏನು ಮಾಡುತ್ತಾಳೆ ಅಂತ ಯಾರಿಗೂ ಬಿಡಿಸಿ ಹೇಳುವ ಹಾಗಿಲ್ಲ, ನಾಳೆ ಗಂಡಿನ ಕಡೆಯವರು ಕೇಳಿದರೆ ಏನನ್ನಬೇಕು?

“ದಿಲ್ಲೀಲಿ ಆಫೀಸು ಅನ್ನಿ,” ಅಂದೆ.